ಕೆಯ್ಯೋನ್ ಬಂದರಿನ ಅಂಗಡಿಯಲ್ಲಿ

ಬಾಗಿಲಲ್ಲೇ ಬೂಟು ಒದರಿ ಬಂದಳು ಎಲ್ಸೀರಾ.
"ಚೀಲ ತೋರಿಸು. ಬಣ್ಣಕ್ಕೆ ಮರುಳಾಗುವವಳಲ್ಲ ನಾನು."

ತೋರಿಸಿದೆ. ಇಪ್ಪತ್ತು ಲೀಟರಿನದು, ನಲವತ್ತರದು,
ಹೆಗಲಿಗೆ ಪಟ್ಟಿ ಇರುವುದು, ಇಲ್ಲದ್ದು.
ಜಿಪ್ಪಿನದನ್ನು ಮುಟ್ಟಲೂ ಇಲ್ಲ:
"ಉಪ್ಪು ತಿಂದ ಜಿಪ್ಪು
ನೀರು ಕುಡಿದೇ ಕುಡಿಯುತ್ತದೆ."

ಕಿತ್ತಳೆಯದನ್ನು ಎತ್ತಿ, ಉಸಿರು ಊದಿ,
ಬಾಯಿ ಮೂರು ಸುತ್ತು ಮಡಚಿ, ಕ್ಲಿಪ್ಪು ಹಾಕಿ
ಕಿವಿಗೆ ಹಿಡಿದಳು, ಸೂಲಗಿತ್ತಿಯ ಹಾಗೆ.
ಸದ್ದಿಲ್ಲ.
ಅಂಗಳದ ಪೀಪಾಯಿಗೆ ಒಯ್ದು
ನನ್ನದೇ ರಸೀದಿ ಪುಸ್ತಕ ಒಳಗಿಟ್ಟು
ಮೊಣಕೈವರೆಗೆ ಅದ್ದಿ ಹಿಡಿದಳು.
ನೂರು ಎಣಿಸಿದೆ. ಇನ್ನೂ ನೂರು ಎಂದಳು.
ಪುಸ್ತಕ ಒಣಗಿಯೇ ಇತ್ತು. ನನ್ನ ಬಾಯಿಯೂ.

"ಅಪ್ಪನದೂ ಹೀಗೇ ಇತ್ತು," ಕೈ ಒರೆಸುತ್ತ ಅಂದಳು.
"ಮಂಡಿ ಸೋತು ದೋಣಿ ಬಿಟ್ಟ ದಿನ
ಗಾಳ, ನೂಲು, ಚಾಕು ಒದ್ದೆಯಲ್ಲೇ ತುರುಕಿ
ಮೂರು ಸುತ್ತು ಮಡಚಿಟ್ಟ.
ವರ್ಷದ ಮೇಲೆ ನಾನು ಬಿಚ್ಚಿದೆ.
ಗಾಳವೆಲ್ಲ ತುಕ್ಕಿನ ಒಂದೇ ಮುದ್ದೆ.
ನೀರನ್ನು ಒಳಗೆ ಬಿಡದ್ದು
ಹೊರಗೂ ಬಿಡುವುದಿಲ್ಲ ನೋಡು.
ಅಡಿಯಲ್ಲಿ ಒಂದು ಗುಟುಕು ಸಮುದ್ರ,
ಆ ದಿನದ್ದೇ, ಹಾಗೇ ಇತ್ತು.
ಅಪ್ಪ ಮೂಸಿದ. 'ಮೆರ್ಲೂಸಾ ಮೀನು' ಎಂದ.
ಗೋಡೆಯ ಕಡೆ ಮುಖ ತಿರುಗಿಸಿದ."

ಬೆಲೆ ಹೇಳುವುದನ್ನೇ ನಾನು ಮರೆತೆ.
ಆಕೆ ಮರೆಯಲಿಲ್ಲ: ಎರಡು ಸಾವಿರ ಪೆಸೊ ಇಳಿಸಿದಳು,
ಗಾಳ ಒರೆಸಲು ಒಂದು ಒಣಬಟ್ಟೆ
ಪುಕ್ಕಟೆ ಕಿತ್ತುಕೊಂಡಳು,
ಚೀಲದ ಬಾಯಿ ತೆರೆದೇ ಹೆಗಲಿಗೆ ಹಾಕಿ
ಗಾಳಿಗೆ ಇಳಿದಳು.