ಕಡತ ಸಂಖ್ಯೆ ಏಳು

ಈ ವಾರ ನಾಲ್ಕನೇ ಸಲ ಏಳನೇ ಕಡತ ಕೇಳಿದ್ದಾರೆ.
ಸೋಮವಾರ ಕುಲಸಚಿವರ ಕಡೆಯ ಹುಡುಗ,
ಮಂಗಳವಾರ ಬಿಷಪ್ಪರ ವಕೀಲರು,
ಬುಧವಾರ ಬಿಷಪ್ಪರ ತಮ್ಮನ ವಕೀಲರು, ಅಣ್ಣನ ಮೇಲೇ ಕೇಸು,
ಇವತ್ತು ತಹಶೀಲ್ದಾರರ ಜೀಪು.
ದಾಖಲೆ ಕೋಣೆಯ ಹೊಸ್ತಿಲು ಇಷ್ಟು ಚಪ್ಪಲಿ ಕಂಡಿರಲಿಲ್ಲ.
ನಾನು ಜ್ಞಾನಮಿತ್ರ. ಮೂವತ್ತೊಂದು ವರ್ಷದಿಂದ
ಗೆದ್ದಲಿನ ಜೊತೆ ಇಲ್ಲೇ ಗುತ್ತಿಗೆ ನೌಕರಿ.
ಗೆದ್ದಲು ಖಾಯಂ ಆಗಿದೆ.

ನಾನು ಬಂದಾಗ ಇದು ದುರ್ಗದಿಂದಾಚೆ ಒಂದು ತಗಡಿನ ಶೆಡ್ಡು,
ಹನ್ನೆರಡು ನರ್ಸಿಂಗ್ ಹುಡುಗಿಯರು, ಒಂದು ಅಸ್ಥಿಪಂಜರ.
ಸುಗುಣಾ ಸಿಸ್ಟರು ಅದಕ್ಕೆ ಲಾಜರ ಎಂದು ಹೆಸರಿಟ್ಟಿದ್ದರು,
ಪ್ರತಿ ಪರೀಕ್ಷೆಗೂ ಎದ್ದು ಬರುತ್ತಿದ್ದನಲ್ಲ, ಅದಕ್ಕೆ.

ಆಮೇಲೆ ಫಾರ್ಮಸಿ. ಆಮೇಲೆ ಕಾನೂನು.
ಹೆದ್ದಾರಿಗೆ ನಾಲ್ಕು ಪಥವಾಯಿತು, ನಮಗೆ ನಾಲ್ಕು ಗೇಟು.
ಫಿರಂಗಿಗೆ ಬಗ್ಗದ ಕುಲದ ಕಲ್ಲು
ಕಂಪ್ರೆಸರಿಗೆ ಬಗ್ಗಿತು. ಶಿಳ್ಳೆ ಊದಿದರೆ ಪಾಠ ನಿಲ್ಲುವುದು,
ಢಮ್ಮೆಂದ ಮೇಲೆ ಅದೇ ವಾಕ್ಯದಿಂದ ಮತ್ತೆ ಶುರು.
ಬಂಡೆ ಇದ್ದಲ್ಲಿ ಗಾಜು ಬಂತು.
ಶಾಲೆ, ಕಾಲೇಜು, ಎರಡೂ ಹಳೆಯ ಫಲಕಗಳು
ಮೆಸ್ಸಿನ ಹಿಂದೆ ಸೌದೆಗೆ ಮಳೆ ಬೀಳದಂತೆ ನಿಂತಿವೆ.

ಪರಿಶೀಲನಾ ಸಮಿತಿ ಬಂದ ದಿನ
ಆಸ್ಪತ್ರೆಯ ಇನ್ನೂರು ಹಾಸಿಗೆ ತುಂಬಬೇಕಿತ್ತು.
ಬಸ್ಸು ಹಟ್ಟಿ ಹಟ್ಟಿ ಸುತ್ತಿ ಜನ ತಂದಿತು,
ತಲೆಗೆ ಮುನ್ನೂರು, ಮೇಲೆ ಚಿತ್ರಾನ್ನ.
ಸಾಲದೆ ಹೋಗಿ ಅಡುಗೆಯ ಮಾರಕ್ಕನನ್ನೂ
ಹೆರಿಗೆ ವಾರ್ಡಿನಲ್ಲಿ ಮಲಗಿಸಿದರು, ಅರವತ್ತು ದಾಟಿದವಳನ್ನು.
“ಎಷ್ಟನೇ ತಿಂಗಳಮ್ಮ?”
“ಶ್ರಾವಣ, ಸಾರ್.”
ಬರೆದುಕೊಂಡರು. ವರದಿ ನನ್ನಲ್ಲೇ ಇದೆ,
ಕಡತ ನಲವತ್ತೆರಡು. ‘ಉತ್ತಮ’ ಎಂದಿದೆ.

ಒಂದು ರಾತ್ರಿ ಗೇಟಿಗೆ ಬಂದು ಮತಾಂತರ ಮತಾಂತರ ಎಂದು ಕೂಗಿದವರು
ಜೂನ್ ತಿಂಗಳಲ್ಲಿ ತಂಗಿಯರಿಗೆ ಸೀಟು ಕೇಳಿಕೊಂಡು ಬಂದರು.
ಒಳಗಿನವರ ಪ್ರಶ್ನೆ ಬೇರೆ, ಅದಕ್ಕೆ ಮೈಕು ಇರಲಿಲ್ಲ:
ನಮ್ಮ ಕೇರಿಯ ಮಕ್ಕಳ ಕೈಗೆ ಪೊರಕೆಯೇ ಯಾಕೆ,
ಡೀನರ ಕುರ್ಚಿಗಳೆಲ್ಲ ಒಂದೇ ಮನೆಯ ಅಳಿಯಂದಿರಿಗೆ ಯಾಕೆ?
ಭಾನುವಾರ ತಲೆ ತಗ್ಗಿಸಿ ನಾನೂ ಅದನ್ನೇ ಕೇಳಿದ್ದೇನೆ,
ಆಮೆನ್ ಎನ್ನುವ ಮುಂಚೆ.
ಆದರೆ ನನ್ನ ಮಗಳು ಇಲ್ಲೇ ಓದಿದವಳು, ಅರ್ಧ ಶುಲ್ಕಕ್ಕೆ.
ಹಿರಿಯೂರಿನಲ್ಲಿ ಸೂಜಿ ಚುಚ್ಚುತ್ತಾಳೆ, ಮಕ್ಕಳು ಅಳುವುದಿಲ್ಲ.
ನನ್ನ ಸಿಟ್ಟಿಗೆ ಹಾಗಾಗಿ ಪೂರ್ತಿ ಹಲ್ಲಿಲ್ಲ.

ಏಳನೆಯದು ಒಂದೇ ಛಾಪಾ ಕಾಗದ.
ಐವತ್ತೆಂಟನೇ ಇಸವಿ. ಗೊಲ್ಲರ ಕಾಟಮ್ಮ, ಎಡಗೈ ಹೆಬ್ಬೆಟ್ಟು.
ಕೂಸಿನ ಜ್ವರ ಇಳಿಸಿದ ದೊರೆಸಾನಿಯ ದವಾಖಾನೆಗೆ
ಎರಡು ಎಕರೆ ಮೂರು ಗುಂಟೆ.
ಎರಡು ನೂರಾಹತ್ತು ಆದದ್ದು ಹೇಗೆ,
ಗೋಮಾಳ ಯಾವ ರಾತ್ರಿ ಕ್ರಿಕೆಟ್ ಮೈದಾನವಾಯಿತು,
ಅದು ಅವರ ಜಗಳ.
ಕೊನೆಯ ಸಾಲು ಯಾರ ಝೆರಾಕ್ಸಿಗೂ ಬಂದಿಲ್ಲ,
ಕಾಗದ ಉದ್ದ, ಯಂತ್ರ ಗಿಡ್ಡ:
‘ಸದರಿ ಜಮೀನಿನ ಬಾವಿಯಲ್ಲಿ ನಮ್ಮ ಕುರಿಗಳು ನೀರು ಕುಡಿಯುವುದಕ್ಕೆ
ಯಾರದೂ ತಂಟೆ ಇರತಕ್ಕದ್ದಲ್ಲ.’

ಬಾವಿ ಈಗ ಸಭಾಂಗಣದ ವೇದಿಕೆಯಡಿ ಇದೆ.
ಘಟಿಕೋತ್ಸವದಲ್ಲಿ ಗೌನಿನವರು ನಡೆದಾಗ
ಒಂದು ಕಡೆ ಹಲಗೆ ಟೊಳ್ಳಾಗಿ ಓಗೊಡುತ್ತದೆ.
ಚಪ್ಪಾಳೆಯಲ್ಲಿ ಕೇಳಿಸುವುದಿಲ್ಲ.

ಸಂಜೆ ಮನೆಗೆ ಹೊರಟವನು
ಎರಡನೇ ಗೇಟಿನ ಸಂದರ್ಶಕರ ಪುಸ್ತಕಕ್ಕೆ ಕಣ್ಣು ಹಾಯಿಸಿದೆ.
ವಾಚ್‌ಮನ್ನನ ಕೋಳಿಕಾಲು ಅಕ್ಷರ.
ಹೆಸರು: ಕ್ಯಾತಣ್ಣ.
ಜೊತೆಗಿರುವವರು: ಕುರಿ ನಲವತ್ತು, ನಾಯಿ ಒಂದು.
ಯಾರನ್ನು ಕಾಣಬೇಕು: ಗೊತ್ತಿಲ್ಲವಂತೆ.
ಕಾರಣ: ನೀರು.
ಒಳಹೋದ ಸಮಯ, ಹೊರಬಂದ ಸಮಯ,
ಎರಡೂ ಖಾಲಿ.

ತುಂಬಿದ ಮೇಲೆ ಆ ಪುಸ್ತಕವೂ ನನ್ನ ಕೋಣೆಗೇ ಬರುತ್ತದೆ.