ಲಗ್ನಪತ್ರಿಕೆಯ ದಪ್ಪ

ಚಿಂತಾಮಣಿಯ ಡಬಲ್ ರೋಡಿನಲ್ಲಿ
ರದ್ದಿ ತೂಗುವ ಬಾಬಾಜಾನ್
ತಕ್ಕಡಿಯಾಚೆ ಮೂರು ಪುಸ್ತಕ ಇಟ್ಟ:
ಯೆಜ್ಡಿಗಾ ಮೇಷ್ಟ್ರೇ? ಯಾವುದಾದರೂ ತಗೊಳ್ಳಿ.

ಮೊದಲನೆಯದರ ಹಾಳೆ ನುಣುಪು.
ಬಿಳಿ ಗವಸಿನ ಕೈಯೊಂದು ಪುಟಪುಟದಲ್ಲೂ
ಏನನ್ನೋ ಬಿಚ್ಚುತ್ತಿತ್ತು, ಕೆಳಗೆ:
ಹತ್ತಿರದ ಡೀಲರನ್ನು ಸಂಪರ್ಕಿಸಿ.
ಡೀಲರಿದ್ದ ಜಾಗದಲ್ಲಿ ಈಗ ಗೋಬಿ ಮಂಚೂರಿ.

ಎರಡನೆಯದು ಎಲ್ಲ ಬಲ್ಲದು,
ಸ್ಕೂಟರು, ಪಂಪ್‌ಸೆಟ್ಟು, ಹೊಲಿಗೆ ಮಿಷನ್ನು.
ಯೆಜ್ಡಿಗೆ ಅರ್ಧ ಪುಟ. ಅದರಲ್ಲೂ
ಕಿಕ್ಕು ಒಂದು ಕಡೆ, ಗೇರು ಇನ್ನೊಂದು ಕಡೆ!
ಒದೆಸಿಕೊಂಡು, ಒಳಕ್ಕೆ ಮಡಚಿಕೊಂಡು
ತಾನೇ ಗೇರಾಗುವ ಆ ಒಂದೇ ಕಡ್ಡಿಯನ್ನು
ಬರೆದವನು ಕಂಡಿಲ್ಲ.

ಮೂರನೆಯದಕ್ಕೆ ರಟ್ಟಿಲ್ಲ.
ಮೊದಲ ಹನ್ನೊಂದು ಪುಟವೂ ಇಲ್ಲ, ಹೇಗೂ
ಅಲ್ಲಿ ಕಂಪನಿಯವರು ಶುಭ ಕೋರಿರುತ್ತಾರೆ.
ಕೈ ಸಡಿಲಿಸಿದರೆ ತಾನೇ ತೆರೆದುಕೊಂಡಿತು
ನಲವತ್ತೇಳನೇ ಪುಟ. ಗ್ರೀಸಿನ ಹೆಬ್ಬೆಟ್ಟು.
ಪಾಯಿಂಟಿನ ಸಂದು: ಸೊನ್ನೆ ಬಿಂದು ನಾಲ್ಕು ಮಿಲಿಮೀಟರು.
ಪಕ್ಕದಲ್ಲಿ ಪೆನ್ಸಿಲ್ಲು, ಯಾರದೋ ಓರೆ ಅಕ್ಷರ:
'ಗೇಜು ಇಲ್ಲವೇ? ಲಗ್ನಪತ್ರಿಕೆಯ ದಪ್ಪ.
ತೀರ ಬಡವರದು ಬೇಡ, ಸಾಹುಕಾರರದಂತೂ ಬೇಡವೇ ಬೇಡ.'

ಮುಂದೆ ಕ್ರ್ಯಾಂಕಿನ ಚಿತ್ರಕ್ಕೊಂದು ಅಡ್ಡಗೆರೆ:
'ಇಲ್ಲಿಂದಾಚೆ ಕೈ ಹಾಕಬೇಡ.
ನಾನು ಹಾಕಿದೆ. ಎರಡು ತಿಂಗಳು ಬಸ್ಸು.'

ಎಲ್ಲಿ ನಿಲ್ಲಬೇಕೆಂದು ಹೇಳುವ ಪುಸ್ತಕ
ನನಗೆ ಬಿ.ಎಡ್.ನಲ್ಲೂ ಸಿಕ್ಕಿರಲಿಲ್ಲ.
ಬಾಬಾಜಾನ್ ತೂಗಿದ. ಆರು ರೂಪಾಯಿ.
ಎಣ್ಣೆ ಕುಡಿದು ಭಾರವಾಗಿದೆ, ಐದು ಕೊಡಿ ಅಂದ.

ಸಂಜೆ ಅಂಗಳದಲ್ಲಿ ಗೋಣಿ ಹಾಸಿ
ಬಲಗಡೆಯ ಮುಚ್ಚಳ ಬಿಚ್ಚಿ
ಅಟ್ಟದಿಂದ ನಮ್ಮದೇ ಪತ್ರಿಕೆ ಇಳಿಸಿದೆ,
ಹಂಚದೆ ಉಳಿದ ಒಂದು ಕಟ್ಟು.
ಮುನಿಲಕ್ಷ್ಮಿ ಟಾರ್ಚು ಹಿಡಿದಳು:
'ಇನ್ನೂರು ಸಾಕು ಅಂದಿದ್ದೆ. ನಿಮ್ಮಣ್ಣ ಕೇಳಿದರಾ?'

ಮೂಲೆಯನ್ನು ಸಂದಿಗೆ ತೂರಿಸಿದೆ.
ಎಳೆದರೆ ಬರಬೇಕು, ಬಿಟ್ಟರೆ ಬೀಳಬಾರದು,
ಹಾಗೆಂದು ಬರೆದಿದೆ ಎಂದೆ.
ಅವಳು ಟಾರ್ಚನ್ನು ಇನ್ನೊಂದು ಕೈಗೆ ದಾಟಿಸಿದಳು.

ಏಳು ಒದೆ. ಉಸಿರಿಲ್ಲ.
ಹದಿನಾಲ್ಕು. ಎದುರು ಮನೆಯ ಕಿಟಕಿ ತೆರೆಯಿತು.
ಪುಟ ಹಿಂದೆ ಮುಂದೆ ಮಗುಚುತ್ತಿದ್ದೆ.
ಅವಳು ಬಗ್ಗಿ ನೋಡಿದಳು:
'ಅಲ್ಲಾರೀ, ಪಾಯಿಂಟಿಗೆಲ್ಲ ಅರಿಶಿನ!'

ಪತ್ರಿಕೆಯ ನಾಲ್ಕೂ ಮೂಲೆಗೆ ಅಮ್ಮ ಹಚ್ಚಿದ್ದು,
ಒಂಬತ್ತು ವರ್ಷದ ಮೇಲೂ ಉದುರುತ್ತಿದೆ.

ಪೆಟ್ರೋಲಿನ ಬಟ್ಟೆಯಲ್ಲಿ ಒರೆಸಿದೆವು.
ಮೂರನೇ ಒದೆಗೆ ಕೆಮ್ಮಿತು,
ಆಮೇಲೆ ಬೀದಿಗೆ ಬೀದಿಯೇ ನೀಲಿ ಹೊಗೆ.

ಮಲಗುವ ಮುಂಚೆ ಪೆನ್ಸಿಲು ಹುಡುಕಿ
ಆ ಓರೆ ಅಕ್ಷರದ ಕೆಳಗೆ ಬರೆದೆ:
'ಅರಿಶಿನದ ಮೂಲೆ ಬೇಡ, ನಡುಭಾಗ ಕತ್ತರಿಸಿಕೋ.'
ಹೆಸರು ಹಾಕು ಅಂದಳು. ಯಾರದು?
ನನ್ನದು, ಅಂದಳು.