ಸರಿಯಾದ ಎರಡನ್ನು ಆರಿಸಿ

ಮೂರು ವರ್ಷಕ್ಕೊಮ್ಮೆ ನನ್ನ ಅವಧಿ ಮುಗೀತದ,
ಔಷಧದ ಬಾಟಲಿಯಂಗ;
ತಾರೀಖು ಅವರು ಮೊದಲ ಒತ್ತಿ ಕಳಿಸಿರತಾರ.
ಇಪ್ಪತ್ತೆರಡು ವರ್ಷ ತಂತಿ ಎಳದ ಕೈ
ಇವತ್ತ ಸೋಲಾಪುರದ ಸಾತ್ ರಸ್ತಾದಾಗ
ಟ್ಯೂಷನ್ ಕ್ಲಾಸಿನ ಮ್ಯಾಲಿನ ಮಾಳಿಗಿಗೆ
ಕಟಾಂಜನ ಹಿಡಕೊಂಡು ಹತ್ತತದ,
ತಾನು ತಾನ ಹೌದಂತ ತೋರಸಲಿಕ್ಕೆ.

ಬಾಗಲದಾಗ ಹೆಸರಿನ ತಕರಾರು.
ಆಧಾರದಾಗ ಗುರವ್ವ, ಪಾಸ್‌ಪೋರ್ಟಿನಾಗ ಗುರುವಾ,
ಹಳೆ ಸರ್ಟಿಫಿಕೇಟಿನಾಗ ಗೌರವ.
"ಮ್ಯಾಡಮ್, ನಕ್ಕೀ ಕೋಣ್ ತುಮ್ಹೀ?" ಅಂದ ಹುಡುಗ.
ನಗು ಬಂತು. ನನ್ನ ಸರ್ವರೂ ಹಿಂಗ,
ಒಂದಕ್ಷರ ತಪ್ಪಿದರ ವಿಳಾಸ ಗೊತ್ತಿಲ್ಲಂತ ಕೈ ಚೆಲ್ಲತದ.
ಮೈಂದರಗಿಯಾಗ ನಮ್ಮವ್ವ ಕೂಗಿದ ಹೆಸರು
ಮರಾಠಿ ಗುಮಾಸ್ತನ ಕಿವಿ ದಾಟಿ
ಇಂಗ್ಲಿಷ್ ಕೀಲಿಮಣಿ ದಾಟಿ
ಇಲ್ಲಿ ಮುಟ್ಟೂದ್ರಾಗ
ಹಾದ್ಯಾಗ ಎಷ್ಟು ಪ್ಯಾಕೆಟ್ ಬಿದ್ದಾವೋ.

ಗಡಿಯಾರ ತಗೀರಿ. ತಗದೆ.
ಬಳಿ ತಗೀರಿ. ಒಂದು ಬರಲಿಲ್ಲ,
ಕಸ ಹೊಡಿಯಾಕಿ ಸಾಬೂನು ತಂದಳು.
ಪರ್ಸು ಝಾಡಿಸಿದರ ಏಳು ಕನೆಕ್ಟರ್, ಒಂದು ಟಾರ್ಚು,
ಅರ್ಧ ಕಡದ ಶೇಂಗಾ ಚಿಕ್ಕಿ.
ಕೊರಳಾಗ ಏನದು?
ಬೆಳ್ಳಿ ಕರಡಗಿ. ಒಳಗ ಲಿಂಗ.
ಹುಡುಗ ಪುಣೆಕ್ಕ ಫೋನು ಹಚ್ಚಿದ.
ಅಲ್ಲಿಂದ ಅಪ್ಪಣಿ ಬರೂತನಕ
ನಾನೂ ನನ್ನ ದೇವರೂ ಬಾಕಿನ ಮ್ಯಾಲೆ ಕೂತ್ವಿ,
ಇಬ್ಬರೂ ಪರಿಶೀಲನೆಯೊಳಗ.

ಬಿಟ್ಟರು.

ಸಬ್‌ನೆಟ್ಟಿನ ಲೆಕ್ಕ ಬಾಯಾಗ ಬಂತು, ಹದಿಮೂರರ ಮಗ್ಗಿಯಂಗ.
ಹೊಸಾ ವಿದ್ಯಾ ಅಷ್ಟು ಸಸಾರ ಅಲ್ಲ.
ನೂರು ರೂಟರಿಗೆ ಒಂದ ಪ್ರೋಗ್ರಾಮು;
ರಾತ್ರಿ ಹನ್ನೊಂದರ ಮ್ಯಾಲೆ, ಭಾಂಡಿ ತೊಳೆದು ಕಲತದ್ದು.
ಯಾವ ಕಂಸ ಎಲ್ಲಿ ತೆರೀತು, ಎಲ್ಲಿ ಮುಚ್ಚಿತು,
ಪರದಿ ಮ್ಯಾಲೆ ಬೆರಳಿಟ್ಟು ಎಣಿಸಿದೆ,
ಟಾವೆಲ್ಲಿನ ಅಂಚಿನ ಎಳಿ ಎಣಿಸಿದಂಗ.

ಪ್ರಶ್ನಿ ನಲವತ್ತೊಂದು:
ಒಂದು ಶಾಖೆಯ ಸಂಪರ್ಕ ಕಡಿದಿದೆ.
ಎಂಜಿನಿಯರ್ ಮೊದಲು ಏನು ಮಾಡಬೇಕು?
ಸರಿಯಾದ ಎರಡನ್ನು ಆರಿಸಿ.

ನಾಲ್ಕು ಉತ್ತರ ಕೊಟ್ಟಾರ. ನಾಲ್ಕೂ ಚೊಲೊ ಮನಿತನದವು.
ದುಧನಿ ಶಾಖೆ ಬಿದ್ದಾಗ ನಾ ಮೊದಲು
ಎದುರಿನ ಪಾನಪಟ್ಟಿ ಮೌಲಾಲಿಗೆ ಫೋನು ಮಾಡತೀನಿ,
"ತಮ್ಮಾ, ಬ್ಯಾಂಕಿನಾಗ ಫ್ಯಾನು ತಿರಗತದೇನು ನೋಡು."
ಆಮ್ಯಾಲೆ, ವಾಗದರಿ ರಸ್ತಾದಾಗ
ಇವತ್ತ ಯಾರ ಜೆಸಿಬಿ ನಿಂತದಂತ ಕೇಳತೀನಿ.
ಎರಡೂ ಸರಿ. ಎರಡೂ ಅಲ್ಲಿಲ್ಲ.
ಸ್ವಲ್ಪ ಹೊತ್ತು ಸುಮ್ಮನ ಕೂತು
ಅವರ ಎರಡನ್ನ ಆರಿಸಿದೆ.

ಪಾಸು. ಎಂಟುನೂರಾ ಅರವತ್ತೊಂದು.
ಇನ್ನ ಮೂರು ವರ್ಷ ನನಗ ನಾನು ಗೊತ್ತು.
ಕಾಗದದ ಮ್ಯಾಲೆ ಹೆಸರು ಗುರವ್ಹಾ,
ಇದು ನಾಲ್ಕನೇದು.
ಲಾಕರಿನಿಂದ ತಗದು ಫೋನು ಚಾಲೂ ಮಾಡಿದರ
ದುಧನಿ ಮ್ಯಾನೇಜರ್ ಹತ್ತರಕಿಯವರ ಹನ್ನೊಂದು ಮೆಸೇಜು,
ಕಡೀದ್ರಾಗ ಬರೇ ಪ್ರಶ್ನಾರ್ಥಕ ಚಿಹ್ನೆ.

ಅಕ್ಕಲಕೋಟದಾಗ ಬಸ್ಸು ಬದಲಿಸಿ ಮುಟ್ಟಿದಾಗ
ಬ್ಯಾಂಕಿನ ಮುಂದ ಪಗಾರದ ಪಾಳಿ.
ಹತ್ತರಕಿಯವರು ಕಾಗದ ನೋಡಲಿಲ್ಲ, ನಾನೂ ತೋರಸಲಿಲ್ಲ;
ಮೇಜಿನ ಕೆಳಗ ನೆಲ ಒರಟು, ಮಡಿಚಿ ಮೊಣಕಾಲಿಗೆ ಹಾಕಿಕೊಂಡೆ.
ಇಲಿ. ತಂತಿ ಕಡದು ತಿಂದು
ಸಕ್ಕರಿಯಂಗ ಪುಡಿ ಬಿಟ್ಟಿತ್ತು.
ಹೊಸಾ ತುದಿ ಸುಲದು, ಬಾಯಾಗ ಟಾರ್ಚು ಕಚ್ಚಿ,
ಒಳಗೊಳಗ ಅನಕೋತ ಜೋಡಿಸಿದೆ:
ಬಿಳಿಕೇಸರಿ, ಕೇಸರಿ, ಬಿಳಿಹಸರು, ನೀಲಿ,
ಬಿಳಿನೀಲಿ, ಹಸರು...

ಪಾಳಿಯೊಳಗಿನ ಮುದಕಿ ಬಗ್ಗಿ ನೋಡಿದಳು.
"ಲಿಂಕ್ ಬಂತೇನವಾ? ನೀ ಯಾರಕಿ?"

ಬಾಯಾಗ ಟಾರ್ಚಿತ್ತು.
ಎರಡು ಬೆರಳು ತೋರಿಸಿದೆ,
ತಡಿಯಬೇ, ಇನ್ನ ಎರಡು ಎಳಿ ಅದಾವ,
ಎರಡೂ ಕಂದು.